ಬಾಗಿಲಿಗೆ ಇನ್ನೂ ಬಾರದ ನೀರು

ನಾವು ಅಷ್ಟು ದೂರ ಹೋದದ್ದು ಒಂದು ಹನಿಯ ಸದ್ದಿಗೆ.

ಜೋರ್ಡಾನ್‌ನ ದಕ್ಷಿಣದ ಮರುಭೂಮಿಯಲ್ಲಿ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ನಬತೀಯರು ಎಂಬ ಜನ ಬಂಡೆ ಕೊರೆದು ಮಾಡಿದ ನೆಲತೊಟ್ಟಿಯೊಂದಿದೆ. ಅದರ ಚಾವಣಿಯಿಂದ ಇಂದಿಗೂ ನೀರು ತೊಟ್ಟಿಕ್ಕುತ್ತದೆ. ಮಳೆ ಅಪರೂಪವಾದ ನೆಲದಲ್ಲಿ ಹಿಂದಿನವರು ನೀರನ್ನು ಹೇಗೆ ಹಿಡಿದಿಟ್ಟರು ಎಂಬುದರ ಮೇಲೆ ಲಂಡನ್ನಿನ ನಮ್ಮ ಕಚೇರಿ ಒಂದು ರೇಡಿಯೊ ಕಾರ್ಯಕ್ರಮ ಮಾಡುತ್ತಿತ್ತು. ಅದು ಆ ಹನಿಯಿಂದಲೇ ಶುರುವಾಗಬೇಕೆಂದು ತೀರ್ಮಾನವಾಗಿತ್ತು. ಬರೆಯುವವಳು, ಜನರನ್ನು ಮಾತಾಡಿಸುವವಳು, ತಂಡದ ಹೊಣೆ ಹೊರುವವಳು ನಾನು. ಸದ್ದು ಹಿಡಿಯುವವನು ನಮ್ಮ ರೆಕಾರ್ಡಿಸ್ಟ್. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಮನೆಯವನು, ಈಗ ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜ್‌ನಲ್ಲಿ ಸಂಸಾರ. ಕ್ಯಾನರಿ ವಾರ್ಫ್‌ನ ನಮ್ಮ ದೊಡ್ಡ ಆಫೀಸಿನಲ್ಲಿ ಕನ್ನಡ ಬರುವವರು ನಾವಿಬ್ಬರೇ. ಅವನು ನನಗಿಂತ ಎಂಟ್ಹತ್ತು ವರ್ಷ ಚಿಕ್ಕವನು. ಹಾಗಾಗಿ ನಾನು ಅಕ್ಕ.

ಹೊರಡುವ ಮೊದಲಿನ ಮೀಟಿಂಗ್‌ನಲ್ಲಿ ನಾನು, "ಒಂದು ಹನಿಗೋಸ್ಕರ ಅಲ್ಲಿವರೆಗೆ ಹೋಗಬೇಕಾ? ಸೌಂಡ್ ಲೈಬ್ರರಿಯಲ್ಲಿ ನೂರು ಹನಿ ಬಿದ್ದಿವೆ" ಅಂದಿದ್ದೆ.

ಅವನು ಕನ್ನಡದಲ್ಲೇ ಉತ್ತರ ಕೊಟ್ಟ. "ಅಕ್ಕ, ಒಬ್ಬ ಹೇಳದ ಮಾತನ್ನು ನೀವು ಅವನ ಬಾಯಿಗೆ ಹಾಕ್ತೀರಾ?"

"ಇಲ್ಲ."

"ಹಾಂ. ಬೇರೆ ತೊಟ್ಟಿಯ ಹನಿಯನ್ನು ನಾನು ಈ ತೊಟ್ಟಿಗೆ ಹಾಕುದಿಲ್ಲ."

ನಾನು ಪ್ರಯಾಣದ ಅರ್ಜಿಗೆ ಸಹಿ ಹಾಕಿದೆ. ಎರಡು ಬೇರೆ ಬೇರೆ ಕಡೆಯಿಂದ ಖಚಿತವಾಗದ ಮಾತನ್ನು ಹೇಳಬಾರದು ಎಂಬುದು ನಾನು ಕಲಿತ ಮೊದಲ ಪಾಠ. ಅದು ಎಷ್ಟು ಮೈಗೆ ಹತ್ತಿದೆಯೆಂದರೆ ಅವನು ಆಫೀಸಿನಲ್ಲಿ ಎಲ್ಲರೆದುರು ಆಡಿಕೊಳ್ಳುತ್ತಾನೆ: "ಗಂಟೆ ಎಷ್ಟು ಅಂತ ಅಕ್ಕನ ಹತ್ರ ಕೇಳಬೇಡಿ. ಎರಡು ವಾಚ್ ನೋಡದೆ ಹೇಳುದಿಲ್ಲ."

ಹೊರಡುವ ಹಿಂದಿನ ಭಾನುವಾರ ಅಕ್ಸ್‌ಬ್ರಿಡ್ಜ್‌ನ ಅವರ ಫ್ಲಾಟ್‌ನಲ್ಲಿ ಊಟ. ಅವನ ಹೆಂಡತಿ ಆಸ್ಪತ್ರೆಯೊಂದರಲ್ಲಿ ನರ್ಸ್. ಅವನು ಸಾಮಾನು ಕಟ್ಟಲು ಒಳಗೆ ಹೋದಾಗ ಅವಳು ನನ್ನ ತಟ್ಟೆಗೆ ಇನ್ನೊಂದು ಸನ್ನಾಣ, ಅವರ ಕಡೆಯ ಇಡ್ಲಿ, ಹಾಕಿ ಹೇಳಿದಳು. "ಅಕ್ಕ, ಒಂದು ಮಾತು. ಇವನಿಗೆ ಹೆಡ್‌ಫೋನ್ ಹಾಕಿದ್ರೆ ಮನೆಗೆ ಬೆಂಕಿ ಬಿದ್ರೂ ಗೊತ್ತಾಗುದಿಲ್ಲ. ಮೊನ್ನೆ ಫೈರ್ ಅಲಾರಂ ಹೊಡ್ಕೊಳ್ತಾ ಉಂಟು, ಇಡೀ ಬಿಲ್ಡಿಂಗ್ ಕೆಳಗೆ ನಿಂತಿದೆ, ಇವ ಮೇಲೆ ಕೂತು ಎಂತದೋ ಹಕ್ಕಿ ಕೇಳ್ತಾ ಇದ್ದಾನೆ."

"ಆಮೇಲೆ?"

"ಆಮೇಲೆ ಎಂತ, ನಾನೇ ಪುನಃ ಮೆಟ್ಟಿಲು ಹತ್ತಿ ಎಳ್ಕೊಂಡು ಬಂದೆ. ಅಲ್ಲಿ ನಾನಿರುದಿಲ್ಲ. ನೀವು ನೋಡ್ಕೊಳ್ಳಿ."

ನಗುತ್ತಲೇ ಹೇಳಿದಳು. ನಾನೂ ನಗುತ್ತಲೇ ಹೂಂ ಅಂದೆ.

ಜೋರ್ಡಾನ್‌ನಲ್ಲಿ ಗೈಡ್ ನಮ್ಮನ್ನು ಎದುರುಗೊಂಡದ್ದು ಮರುಭೂಮಿಯಂಚಿನ ಪಟ್ಟಣದ ಹೋಟೆಲಿನ ಬಾಗಿಲಲ್ಲಿ. ನಲವತ್ತು ದಾಟಿದ, ಮರುಭೂಮಿಯ ಬೆದುಯಿನ್ ಬುಡಕಟ್ಟಿನ ಮನುಷ್ಯ, ಸರ್ಕಾರದ ಪರವಾನಗಿ ಪಡೆದವನು, ಬೇರೆ ಬೇರೆ ದೇಶದ ಉತ್ಖನನ ತಂಡಗಳ ಜೊತೆ ದುಡಿದು ಇಂಗ್ಲಿಷ್ ಕಲಿತವನು. ಮಾತು ನಿಲ್ಲುವುದೇ ಇಲ್ಲ. ನನ್ನನ್ನು ಸಿಸ್ಟರ್ ಅನ್ನುತ್ತಿದ್ದ, ನಮ್ಮ ರೆಕಾರ್ಡಿಸ್ಟನನ್ನು ಇಂಜಿನಿಯರ್. ನಾವು ಲಂಡನ್ನಿನಿಂದ ಒಯ್ದಿದ್ದ ಶಾರ್ಟ್‌ಬ್ರೆಡ್ ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಜೀಪಿನ ಮುಂದೆ ಇಟ್ಟುಕೊಂಡು ದಾರಿಯುದ್ದಕ್ಕೂ ತಿನ್ನುತ್ತ ಬಂದ.

ಮೊದಲ ದಿನ ಸುಮ್ಮನೆ ಸುತ್ತಾಟ. ಎರಡು ಕಲ್ಲುಗೋಡೆಗಳ ನಡುವೆ ಒಣಗಿದ ಹಳ್ಳವೊಂದು ಸಾಗುತ್ತದೆ. ಬಿಸಿಲಿಗೆ ಬಿಳಿಚಿದ ಉರುಟು ಕಲ್ಲು, ಅಲ್ಲಲ್ಲಿ ಮುಳ್ಳುಕಂಟಿ. ಹಳ್ಳ ತಿರುಗುವ ಮೂಲೆಯಿಂದಾಚೆ, ಮೇಲುಗಡೆ, ಹಳೆಯ ಒಡ್ಡು. ಕಡೆದ ಕಲ್ಲುಗಳನ್ನು ಮೆಟ್ಟಿಲಿನಂತೆ ಜೋಡಿಸಿ ಕಟ್ಟಿದ್ದು. ಹಿಂದೆ ಆಳೆತ್ತರದ ಹೂಳು ತುಂಬಿದೆ, ಒಂದು ಮಗ್ಗುಲು ಯಾವ ಕಾಲದಲ್ಲೋ ಒಡೆದುಹೋಗಿದೆ. ಒಡ್ಡಿನ ಪಕ್ಕದಿಂದ ಬಂಡೆಯ ಮೈಯಲ್ಲೇ ಕೊರೆದ ಕಾಲುವೆ ಹೊರಡುತ್ತದೆ. ಅಗಲ ಒಂದು ಮೊಳ. ಒಳಗೆ ಬೂದುಬಣ್ಣದ ಗಾರೆ. ಗಾರೆ ಮೆತ್ತಿದವನ ಬೆರಳಿನ ಗೀರು ಒಂದು ಕಡೆ ಹಾಗೇ ಉಳಿದಿದೆ. ಅಲ್ಲಲ್ಲಿ ಹೂಳು ತಂಗಲು ಚೌಕ ಗುಂಡಿಗಳು. ಕಾಲುವೆ ಗೋಡೆಯ ಮೇಲೆ ಎತ್ತರದಲ್ಲಿ ಸಾಗಿ, ನಮ್ಮ ತೊಟ್ಟಿಯ ನೆತ್ತಿಯವರೆಗೆ ಬರುತ್ತದೆ. ಆಚೆಗೆ ಕಂಬ ಬಿದ್ದ ಗುಡಿ, ಮೊಣಕಾಲೆತ್ತರದ ಗೋಡೆ ಮಾತ್ರ ಉಳಿದ ಮನೆಗಳು.

ತೊಟ್ಟಿಯ ಬಾಗಿಲು ಹಳ್ಳದ ಪಾತಳಿಗಿಂತ ಒಂದೆರಡು ಮೆಟ್ಟಿಲಷ್ಟೇ ಮೇಲೆ. ಬಾಗಿ ಒಳಗೆ ಹೋದರೆ ಕಲ್ಲಿನ ಮೆಟ್ಟಿಲು ಕತ್ತಲೆಗೆ ಇಳಿಯುತ್ತವೆ. ಕೆಳಗೆ ನೀರು. ಕಲ್ಲಿನ ಕಮಾನುಗಳ ಮೇಲೆ ಹಾಸುಗಲ್ಲಿನ ಚಾವಣಿ. ಹೋಗಲು ಬರಲು ಅದೊಂದೇ ದಾರಿ. ಮೊದಲ ಸಲ ಇಳಿದಾಗಲೇ ನನ್ನ ಕಾಲು ಹಿಂದೇಟು ಹಾಕಿತು. ಬಾವಿಯ ತಣ್ಣನೆ ಗಾಳಿ, ಕುರಿಯ ವಾಸನೆ, ಬೆನ್ನ ಹಿಂದೆ ಚಿಕ್ಕದಾಗುತ್ತ ಹೋಗುವ ಬೆಳಕಿನ ಚೌಕ. ಹೆದರಿಕೆಗೆ ಕಾರಣ ಕೇಳಿದರೆ ಹೇಳಲಾರೆ. ಹಾಗಾಗಿ ಯಾರಿಗೂ ಹೇಳಲಿಲ್ಲ.

ರೆಕಾರ್ಡಿಸ್ಟ್ ಎಲ್ಲಿ ಹೋದರೂ ಮಾಡುವ ಕೆಲಸ ಮಾಡಿದ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ. ಚಪ್ಪಾಳೆ ನೀರಿನ ಮೇಲೆ ಹೋಗಿ, ಗೋಡೆ ತಾಕಿ, ನಿಧಾನಕ್ಕೆ ವಾಪಸು ಬಂತು. "ಅಕ್ಕ, ಇದು ಇಗರ್ಜಿ" ಅಂದ. ಅವರ ಕಡೆ ಚರ್ಚಿಗೆ ಹಾಗನ್ನುತ್ತಾರೆ.

ಗೈಡ್ ಬಾಗಿಲಲ್ಲಿ ನಿಂತು ಕಥೆ ಹೇಳಿದ. ತೊಟ್ಟಿಗೆ ಮೂರು ಸಾವಿರ ವರ್ಷ ಅಂದ. ಪುರಾತತ್ತ್ವದವರು ಎರಡು ಸಾವಿರ ಅನ್ನುತ್ತಾರಲ್ಲ ಎಂದೆ. "ಸಿಸ್ಟರ್, ಪ್ರವಾಸಿಗಳಿಗೆ ಮೂರು, ನಿಮಗೆ ಎರಡು" ಅಂದು ನಕ್ಕ. ಆಮೇಲೆ ಇನ್ನೊಂದು ಸಂಗತಿ ಹೇಳಿದ. ಹಳ್ಳದ ತಲೆಯ ಕಡೆ, ಬೆಟ್ಟದ ಮೇಲೆ, ಅವನ ದೊಡ್ಡಪ್ಪನ ಮಗನ ಡೇರೆ ಇದೆ. ಮೇಲೆ ಮಳೆಯಾಗಿ ಹಳ್ಳ ಹರಿದರೆ ಅವನು ಕೆಳಗಿನವರಿಗೆಲ್ಲ ಫೋನ್ ಮಾಡುತ್ತಾನೆ. "ಅಜ್ಜನ ಕಾಲದಲ್ಲಿ ಬೆಂಕಿ ಹಚ್ಚುತ್ತಿದ್ದರು. ಈಗ ನಾನು ಅವನ ಫೋನಿಗೆ ಕರೆನ್ಸಿ ಹಾಕಿಸುತ್ತೇನೆ." ಒಳ್ಳೆಯ ಮಾತು, ಕಾರ್ಯಕ್ರಮಕ್ಕೆ ಬರುತ್ತದೆ ಎಂದು ಗುರುತು ಹಾಕಿಕೊಂಡೆ. ಅದನ್ನು ಕೇಳಿಸಿಕೊಂಡದ್ದು ಕಾರ್ಯಕ್ರಮದ ಕಿವಿಯಿಂದ ಮಾತ್ರ.

ಮರುದಿನ ಬೆಳಿಗ್ಗೆ ಕೆಲಸ. ನಮ್ಮ ಕೆಲಸ ನೋಡಿಕೊಳ್ಳುವ ಲಂಡನ್ ಡೆಸ್ಕ್‌ಗೆ ಫೋನ್ ಮಾಡಿ ಎಲ್ಲಿದ್ದೇವೆ, ಯಾವಾಗ ಮತ್ತೆ ಫೋನ್ ಮಾಡುತ್ತೇವೆ ಎಂದು ತಿಳಿಸಿದೆ. ಡೆಸ್ಕ್‌ನ ಸಂಪಾದಕಿ ಮಳೆಯ ಬಗ್ಗೆ ಕೇಳಿದಳು. ಹವಾಮಾನ ವರದಿ ಶುಭ್ರ ಎನ್ನುತ್ತದೆ, ಗೈಡ್ ಕೂಡ ಶುಭ್ರ ಎನ್ನುತ್ತಾನೆ ಎಂದೆ. ಎರಡು ಮೂಲ. ನಿಯಮದ ಪ್ರಕಾರ ಸರಿ. ಆದರೆ ಎರಡೂ ಹೇಳಿದ್ದು ನಮ್ಮ ನೆತ್ತಿಯ ಮೇಲಿನ ಆಕಾಶದ ಬಗ್ಗೆ. ಹಳ್ಳದ ತಲೆಯ ಮೇಲಿನ ಆಕಾಶದ ಬಗ್ಗೆ ಯಾರೂ ಯಾರನ್ನೂ ಕೇಳಲಿಲ್ಲ.

ಜೀಪನ್ನು ಹಳ್ಳದ ಆಚೆ ಬದಿಯಲ್ಲಿ, ಇದ್ದ ಒಂದೇ ಮರದ ನೆರಳಿಗೆ ನಿಲ್ಲಿಸಿದೆವು. ರೆಕಾರ್ಡಿಸ್ಟ್ ಎದೆಗೆ ಪಟ್ಟಿ ಬಿಗಿದು ರೆಕಾರ್ಡರ್ ಚೀಲ ತೂಗಿಹಾಕಿಕೊಂಡ. ಎರಡೂ ಮೈಕ್ ಅವನ ಸ್ವಂತದ್ದು. ಆಫೀಸಿನವನ್ನು ಅವನು ನಂಬುವುದಿಲ್ಲ. ಅವನ್ನು ನೀರಿನ ಅಂಚಿನಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ ವಯರ್ ಎಳೆದ. ಅವನು ನೀರಿನ ಪಕ್ಕ, ನಾನು ಮೆಟ್ಟಿಲ ನಡುವೆ ಉದ್ದ ವಯರಿನ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು, ಗೈಡ್ ಬಾಗಿಲಲ್ಲಿ. ಮೈಕ್ ಕೇಳಿದ್ದೆಲ್ಲ ನನಗೂ ಕೇಳುತ್ತಿತ್ತು.

ಮೊದಲ ಸಲದ ರೆಕಾರ್ಡಿಂಗನ್ನು ಗೈಡ್‌ನ ಫೋನ್ ಕೆಡಿಸಿತು. ಸಿಗ್ನಲ್ ಹುಡುಕುವಾಗ ಫೋನು ಮೈಕಿನೊಳಗೆ ಟರ್ರ್ ಟಿಕ್ ಟಿಕ್ ಎನ್ನುತ್ತದೆ. ಹನಿಯ ಮೇಲೆ ಅದು ಗೀಚಿದಂತೆ ಬಿತ್ತು.

"ಎಲ್ಲರ ಫೋನೂ ಫ್ಲೈಟ್ ಮೋಡ್‌ಗೆ ಹಾಕಿ. ಹಾಕಿದ್ರೂ ನನಗೆ ನಂಬಿಕೆ ಇಲ್ಲ, ಜೀಪಿನಲ್ಲಿ ಇಡಿ" ಎಂದ ರೆಕಾರ್ಡಿಸ್ಟ್.

"ಡೆಸ್ಕ್‌ನವರು ಕೊಟ್ಟ ಸ್ಯಾಟಲೈಟ್ ಫೋನು?" ಎಂದೆ.

"ಅಕ್ಕ, ಅದು ಎಲ್ಲದಕ್ಕಿಂತ ಕೆಟ್ಟದ್ದು. ಸ್ವಲ್ಪ ಹೊತ್ತು ಅಷ್ಟೆ."

ಗೈಡ್ ತನ್ನ ಫೋನನ್ನು ಕೈಯಲ್ಲೇ ಹಿಡಿದು ಕೇಳಿದ. "ನನ್ನದೂನಾ?"

"ನಿಮ್ಮದೇ ಮೊದಲು."

ಅವನು ಒಮ್ಮೆ ಆಕಾಶ ನೋಡಿದ. ಒಂದು ತುಂಡು ಮೋಡ ಇರಲಿಲ್ಲ. ಖಾಲಿಯಾಗಿದ್ದ ಬಿಸ್ಕತ್ತಿನ ಡಬ್ಬಿಯೊಳಗೆ ಫೋನುಗಳನ್ನೆಲ್ಲ ಹಾಕಿ, ಮುಚ್ಚಿ, ಹಳ್ಳ ದಾಟಿ ಹೋಗಿ ಜೀಪಿನಲ್ಲಿಟ್ಟು ಬಂದ. ಯಾರೂ ಬೇಡ ಅನ್ನಲಿಲ್ಲ. ಒಳ್ಳೆಯ ಸದ್ದಿಗೆ ಎಲ್ಲರೂ ಮಾಡುವ ಕೆಲಸ ಅದು. ನಾನೇ ಎಷ್ಟೋ ಸಲ ಎಷ್ಟೋ ಜನರ ಫೋನ್ ಇಸಿದುಕೊಂಡಿದ್ದೇನೆ.

ಎರಡನೆಯ ಸಲ ಆಡುಗಳ ಗಂಟೆ. ಮೂರನೆಯ ಸಲ ಹನಿ ಚೆನ್ನಾಗಿ ಬಂತು. ಟಪ್ ಎಂದು ಬಿದ್ದು, ಕಮಾನಿನಿಂದ ಕಮಾನಿಗೆ ಓಡಿ, ಕತ್ತಲಲ್ಲಿ ಕರಗುವ ಸದ್ದು. ಇಷ್ಟು ದೂರ ಬಂದದ್ದು ಸಾರ್ಥಕ ಅನ್ನಿಸಿತು.

"ಈಗ ರೂಮ್ ಟೋನ್" ಎಂದ.

ಈ ಕೆಲಸ ಮಾಡದವರಿಗೆ ಅದು ವಿಚಿತ್ರವಾಗಿ ಕಾಣುತ್ತದೆ. ಎಲ್ಲಿ ರೆಕಾರ್ಡ್ ಮಾಡಿದರೂ ಕೊನೆಗೆ ಆ ಜಾಗದ ಬರೀ ಮೌನವನ್ನು ಹಿಡಿಯಬೇಕು. ಎಡಿಟ್ ಮಾಡುವಾಗ ಮಾತಿನ ನಡುವೆ ತುಂಬಲು ಅದು ಬೇಕು. ಪ್ರತಿ ಕೋಣೆಯ ಮೌನವೂ ಬೇರೆ. ಆ ಹೊತ್ತಿನಲ್ಲಿ ಯಾರೂ ಅಲುಗಾಡುವಂತಿಲ್ಲ, ಮಾತಂತೂ ಇಲ್ಲವೇ ಇಲ್ಲ. ರೂಮ್ ಟೋನ್ ನಡುವೆ ಕೆಮ್ಮಿದವರನ್ನು ನಮ್ಮವನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾನೆ.

ಅವನು ಕೈಯೆತ್ತಿ ಸನ್ನೆ ಮಾಡಿದ. ನಾವು ಕಲ್ಲಾದೆವು.

ಮೌನದ ತಳದಲ್ಲಿ ಒಂದು ಗುಂಯ್ ಇತ್ತು. ಬಹಳ ಕೆಳಗಿನ ಸ್ವರ, ಹೆಡ್‌ಫೋನ್ ಇಲ್ಲದಿದ್ದರೆ ಕಿವಿಗೆ ಸಿಗದಂಥದ್ದು. ಅವನಿಗೂ ಕೇಳಿತು, ಹುಬ್ಬು ಗಂಟಿಕ್ಕಿತು. ತುಟಿಯನ್ನಷ್ಟೇ ಆಡಿಸಿ "ಲಾರಿ" ಅಂದ. ರೆಕಾರ್ಡರಿನ ಮೇಲೆ ಹೆಬ್ಬೆರಳು ಸರಿಸಿದ. ಗುಂಯ್ ನಿಂತಿತು. ಮೌನ ತೊಳೆದಿಟ್ಟಂತಾಯಿತು.

ಅವನು ಒತ್ತಿದ್ದು ಲೋ ಕಟ್ ಎಂಬ ಸ್ವಿಚ್. ಗಾಳಿ, ಲಾರಿ, ಲಿಫ್ಟು, ಫ್ರಿಜ್ಜು, ಇಂಥವುಗಳ ಕೆಳಸ್ವರವನ್ನು ಅದು ಸೋಸಿ ತೆಗೆಯುತ್ತದೆ. ಸೌಂಡ್‌ನವರು ಯೋಚಿಸದೆ ಒತ್ತುತ್ತಾರೆ, ನಾವು ಕಣ್ಣು ಮಿಟುಕಿಸಿದ ಹಾಗೆ.

ನನ್ನ ಮಟ್ಟಿಗೆ ಅದೊಂದು ಸಾಲು ಹೊಡೆದುಹಾಕಿದಂತೆ ಆಯಿತು. ಡೆಸ್ಕ್‌ನಲ್ಲಿ ಯಾರಾದರೂ ವರದಿಯಿಂದ ಒಂದು ಸಾಲು ತೆಗೆದರೆ ಏಕೆ ತೆಗೆದಿರಿ ಎಂದು ಕೇಳುವುದು ನನ್ನ ರೂಢಿ. ಲಾರಿ ಎಂದು ಅವನು ಹೇಳಿದ. ಅದನ್ನು ಯಾರು ನೋಡಿದರು? ನಿನ್ನೆಯಿಡೀ ಸುತ್ತಿದ್ದೆವು, ಮೇಲುಗಡೆ ರಸ್ತೆಯೇ ಇರಲಿಲ್ಲ. ಡಾಂಬರು ರಸ್ತೆ ಇದ್ದದ್ದು ಕೆಳಗಡೆ, ಗುಡ್ಡದ ಆಚೆ. ಮೌನ ಮುರಿಯಬಾರದು ಎಂಬ ಹೆದರಿಕೆಯೂ ಇತ್ತು, ನಗಬೇಡಿ, ಆ ಹೊತ್ತಿನಲ್ಲಿ ಅದೂ ಸಣ್ಣದಾಗಿರಲಿಲ್ಲ.

"ಏನು ತೆಗೆದೆ?" ಎಂದೆ.

ಅವನ ಮುಖ ಕೆಂಪಾಯಿತು. "ಅಕ್ಕ! ಟೋನ್ ಹೋಯ್ತಲ್ಲ!"

"ಹೋಗಲಿ. ಅದನ್ನ ವಾಪಸ್ ಹಾಕು."

"ಲಾರಿ ಮಾರಾಯ್ರೆ ಅದು."

"ಎಲ್ಲಿದೆ ರಸ್ತೆ? ಹಾಕು."

ಸಿಡಿಮಿಡಿ ಮಾಡುತ್ತ ಸ್ವಿಚ್ ತಿರುಗಿಸಿದ. ಗುಂಯ್ ವಾಪಸು ಬಂತು. ಅಷ್ಟರೊಳಗೆ ಅದು ದಪ್ಪವಾಗಿತ್ತು. ಲಾರಿಯಾದರೆ ಹತ್ತಿರ ಬಂದು ದೂರ ಹೋಗುತ್ತದೆ. ಗಾಳಿಯಾದರೆ ಏರಿ ಇಳಿಯುತ್ತದೆ. ಇದು ಬರೀ ಬೆಳೆಯುತ್ತಿತ್ತು. ಅದರೊಳಗೆ ಕಲ್ಲಿಗೆ ಕಲ್ಲು ಉಜ್ಜುವಂಥ ಇನ್ನೊಂದು ಸದ್ದೂ ಸೇರಿಕೊಂಡಿತ್ತು.

ನಾನು ಮೇಲೆ ಓಡಿ ಗೈಡ್‌ನ ಕಿವಿಗೆ ನನ್ನ ಹೆಡ್‌ಫೋನ್ ಒತ್ತಿಹಿಡಿದೆ. ಅವನು ಮೊದಲು ನಗುತ್ತಿದ್ದ. ಆಮೇಲೆ ನಗು ಮುಖದ ಮೇಲೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು. "ಸೈಲ್" ಎಂದ. ತಕ್ಷಣ ನನಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದ: ಪ್ರವಾಹ. "ಆದರೆ ಅವನು ಫೋನ್ ಮಾಡಲಿಲ್ಲವಲ್ಲ" ಎಂದು ಜೇಬಿಗೆ ಕೈಹಾಕಿದ. ಜೇಬಿನಲ್ಲಿ ಫೋನ್ ಇರಲಿಲ್ಲ. ಇಬ್ಬರೂ ಹಳ್ಳದ ಆಚೆಯ ಜೀಪನ್ನು ನೋಡಿದೆವು.

ಅವನು ಓಡಲು ಒಂದು ಕಾಲು ಮುಂದಿಟ್ಟ. ಮತ್ತೆ ಹಿಂದೆ ತೆಗೆದ. "ಮೇಲೆ" ಎಂದ. ಬಾಗಿಲ ಪಕ್ಕದ ಬಂಡೆಯಲ್ಲಿ ಕಾಲುವೆಯವರೆಗೆ ಹತ್ತಲು ಹಳೆಯ ಕಿರಿದಾದ ಮೆಟ್ಟಿಲುಗಳಿದ್ದವು. "ಇಂಜಿನಿಯರನ್ನು ಕರೆಯಿರಿ. ಈಗಲೇ."

ನಾನು ಬಾಗಿಲಲ್ಲಿ ಬಾಗಿ ಕೂಗಿದೆ. "ಮೇಲೆ ಬಾ! ಪ್ರವಾಹ ಬರ್ತಿದೆಯಂತೆ!"

ಕೆಳಗಿನಿಂದ ಅವನ ಧ್ವನಿ ಸಮಾಧಾನವಾಗಿ ಬಂತು. "ಬರ್ತೇನೆ ಬರ್ತೇನೆ. ಮೈಕ್ ಬಿಚ್ಚಿ ಬರ್ತೇನೆ."

ಅವನನ್ನು ನಾನು ಬಲ್ಲೆ. ಮೈಕ್ ಬಿಚ್ಚುವುದೆಂದರೆ ಮೈಕ್ ಒರೆಸಿ, ಅದರ ಡಬ್ಬಿಗೆ ಹಾಕಿ, ವಯರನ್ನು ಸುತ್ತು ಬೀಳದಂತೆ ಸುರುಳಿ ಮಾಡಿ, ಪಟ್ಟಿ ಕಟ್ಟಿ, ಸ್ಟ್ಯಾಂಡ್ ಮಡಚಿ ಬರುವುದು. ಎಂಥ ಅವಸರದಲ್ಲೂ ಅವನು ಆ ಕ್ರಮ ಬಿಟ್ಟದ್ದಿಲ್ಲ. ಫೈರ್ ಅಲಾರಂ ಹೊಡೆದುಕೊಳ್ಳುತ್ತಿದ್ದ ಕಟ್ಟಡದೊಳಗೆ ಹಕ್ಕಿಯ ಕೂಗು ಕೇಳುತ್ತ ಕೂತಿದ್ದವನು. ನಾನು ಹೇಳಿದ್ದು ನಿಯಮಕ್ಕೆ ಪೂರ್ತಿ ಸರಿಯಾದ ಮಾತು: ಬರ್ತಿದೆಯಂತೆ. ಹೇಳಿದವರು ಯಾರು, ಎಷ್ಟು ನಿಜ, ಎಲ್ಲ ಅದರೊಳಗಿತ್ತು. ಅಂಥ ಮಾತಿಗೆ ಅವನು ಓಡುವವನಲ್ಲ.

ಹಳ್ಳದ ತಿರುವಿನ ಕಡೆ ನೋಡಿದೆ. ಬಿಸಿಲು. ಒಣಕಲ್ಲು. ಏನೂ ಇಲ್ಲ.

"ನೀರು ಬಾಗಿಲಿಗೆ ಬಂತು!" ಎಂದು ಕಿರುಚಿದೆ. "ಬಿಟ್ಟು ಬಾ! ನನ್ನ ಕಾಲ ಹತ್ರ ಇದೆ ನೀರು!"

ಕೆಳಗೆ ಏನೋ ಬಿದ್ದ ಸದ್ದು. ಬಡಬಡ ಹೆಜ್ಜೆ. ಎದೆಯ ಮೇಲೆ ರೆಕಾರ್ಡರ್ ಬಡಿಯುತ್ತ, ಕಿತ್ತ ವಯರು ನೇತಾಡುತ್ತ ಅವನು ಬಾಗಿಲಿನಿಂದ ಹೊರಬಿದ್ದ. ಅವನ ಮುಖ ನೋಡಲಿಲ್ಲ. ಗೈಡ್ ಮುಂದೆ, ಅವನು ನಡುವೆ, ನಾನು ಹಿಂದೆ. ಆ ಮೆಟ್ಟಿಲುಗಳು ಅರ್ಧ ಸವೆದಿದ್ದವು. ಬೆರಳ ತುದಿಯಿಂದ ಬಂಡೆ ಹಿಡಿದು ಹತ್ತಿದೆವು. ಕಾಲುವೆಯ ಅಂಚು ಸಿಕ್ಕಿದಾಗ ನಾನು ಅದರೊಳಗೇ ಕೂತೆ.

ಅವನು ತಿರುಗಿ ಕೆಳಗೆ ನೋಡಿದ. ತೊಟ್ಟಿಯ ಬಾಗಿಲು ಒಣಗಿತ್ತು. ಹಳ್ಳದಲ್ಲಿ ಒಂದು ಹನಿ ಇರಲಿಲ್ಲ. ಒಂದು ಹಲ್ಲಿ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿತ್ತು.

"ಎಲ್ಲಿ ನೀರು?"

ನಾನು ತಿರುವಿನ ಕಡೆ ನೋಡಿದೆ.

"ಅಕ್ಕ, ಎಲ್ಲಿ ನೀರು? ಕಾಲ ಹತ್ರ ಉಂಟು ಅಂದ್ರಲ್ಲ!"

"ಬರುತ್ತೆ."

"ಬರುತ್ತಾ? ಮೈಕ್ ಎರಡೂ ಅಲ್ಲಿ ಬಿದ್ದಿದೆ! ಎಷ್ಟು ವರ್ಷ ಕಾದು ತಕೊಂಡದ್ದು ಗೊತ್ತುಂಟಾ ನಿಮ್ಗೆ?" ಕಿತ್ತ ವಯರನ್ನು ನನ್ನ ಮುಖದೆದುರು ಹಿಡಿದ. "ಎರಡು ನಿಮಿಷ. ಹೋಗಿ ಬಂದೆ."

ಅವನು ಇಳಿಯಲು ಕಾಲು ಚಾಚಿದ. ನಾನು ಎದೆಪಟ್ಟಿಯ ಹಿಂಭಾಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಿಡಿ ಅಂದ. ಬಿಡಲಿಲ್ಲ. ಆ ಹೊತ್ತಿನಲ್ಲಿ ನನಗೆ ಎರಡು ಭಯ. ನೀರು ಬಂದರೆ ಎಂಬುದೊಂದು. ಬಾರದಿದ್ದರೆ ಇವನು ಇನ್ನು ಯಾವತ್ತೂ ನನ್ನ ಮಾತು ನಂಬುವುದಿಲ್ಲ, ಮುಂದೊಂದು ದಿನ ನಿಜವಾಗಿ ಕೂಗಿದಾಗ ನಿಧಾನಕ್ಕೆ ವಯರು ಸುತ್ತುತ್ತ ಕೂತಿರುತ್ತಾನೆ ಎಂಬುದು ಇನ್ನೊಂದು. ಗೈಡ್ ತಿರುವನ್ನೇ ನೋಡುತ್ತಿದ್ದ. ಅವನ ತುಟಿ ಆಡುತ್ತಿತ್ತು.

ಮೊದಲು ವಾಸನೆ ಬಂತು. ಒದ್ದೆ ಮಣ್ಣಿನ ವಾಸನೆ. ಎಲ್ಲೋ ಬಿದ್ದ ಮಳೆಯ ವಾಸನೆ, ಆ ಸುಡು ಬಿಸಿಲಿನಲ್ಲಿ.

ರೆಕಾರ್ಡಿಸ್ಟ್ ಎಳೆಯುವುದನ್ನು ನಿಲ್ಲಿಸಿದ.

ತಿರುವಿನಿಂದ ಬಂದದ್ದು ನೀರಿನಂತೆ ಕಾಣಲಿಲ್ಲ. ಮುಳ್ಳುಕಂಟಿ, ಕೊಂಬೆ, ಪ್ಲಾಸ್ಟಿಕ್ ಬಾಟಲಿ, ಆಡಿನ ಹಿಕ್ಕೆ, ನೊರೆ, ಇವೆಲ್ಲ ಒಂದಕ್ಕೊಂದು ಸುತ್ತಿಕೊಂಡು ಉರುಳುತ್ತಿದ್ದ ಕಂದು ಸುರುಳಿ, ಮೊಣಕಾಲೆತ್ತರದ್ದು. ಇಷ್ಟೇನಾ ಎಂದುಕೊಂಡೆ. ಅದರ ಹಿಂದೆಯೇ ನಿಜವಾದದ್ದು ಬಂತು. ಮೊಣಕಾಲು ಸೊಂಟವಾಯಿತು, ಸೊಂಟ ಎದೆಯಾಯಿತು. ಕಲ್ಲುಗಳು ತಳದಲ್ಲಿ ಉರುಳುವ ಸದ್ದು ಹೆಡ್‌ಫೋನ್ ಇಲ್ಲದೆಯೇ ಮೈಯೊಳಗೆ ಕೇಳುತ್ತಿತ್ತು. ಹಳ್ಳ ತೊಟ್ಟಿಯ ಬಾಗಿಲಿಗೆ ನುಗ್ಗಿತು. ಒಳಗಿದ್ದ ಗಾಳಿ ಒಂದು ಸಲ ಗೂಳಿಯಂತೆ ಹೂಂಕರಿಸಿ ಹೊರಬಂತು. ಆಮೇಲೆ ಬಾಗಿಲೇ ಕಾಣಲಿಲ್ಲ.

ಆಚೆ ಬದಿಯಲ್ಲಿ ಜೀಪು ಸ್ವಲ್ಪ ಅಲುಗಾಡಿತು, ಯಾರೋ ಹತ್ತಿ ಕೂತಂತೆ. ಹಿಂಭಾಗ ಮೇಲೆದ್ದಿತು. ಮರವನ್ನು ಒಮ್ಮೆ ತಾಕಿ, ಮೂತಿ ತಿರುಗಿಸಿ, ಕೆಳಗಡೆ ಹೋಯಿತು. ಗೈಡ್ ಅದನ್ನು ಕಣ್ಮರೆಯಾಗುವವರೆಗೂ ನೋಡಿದ. ಆಮೇಲೆ ತನ್ನ ಕಾಲಿನತ್ತ ನೋಡಿ, "ಎದ್ದೇಳಿ, ಸಿಸ್ಟರ್" ಎಂದ.

ನಾನು ಕೂತಿದ್ದ ಕಾಲುವೆ ಒದ್ದೆಯಾಗಿತ್ತು. ಮೇಲಿನ ಒಡ್ಡಿನಿಂದ ನೀರು ಅದಕ್ಕೆ ಹತ್ತಿತ್ತು. ಕೆಂಪು ನೀರು ಒಂದು ಚೌಕ ಗುಂಡಿ ತುಂಬಿ, ಅಲ್ಲಿ ಹೂಳು ಇಳಿಸಿ, ಮುಂದಿನ ಗುಂಡಿಗೆ ಹರಿಯುತ್ತಿತ್ತು. ಎರಡು ಸಾವಿರ ವರ್ಷಗಳ ಹಿಂದಿನವರು ಏನು ಯೋಚಿಸಿ ಕಟ್ಟಿದ್ದರೋ ಅದು ನನ್ನ ಕಾಲ ಕೆಳಗೆ ನಡೆಯುತ್ತಿತ್ತು. ಅದನ್ನು ವಿವರಿಸಲೆಂದೇ ಬಂದವಳು ನಾನು. ಆಗ ನೋಡಿದ್ದು ನೀರು ಎಷ್ಟು ಏರುತ್ತಿದೆ ಎಂಬುದನ್ನಷ್ಟೆ. ಪಾದದ ಗಂಟಿನವರೆಗೆ ಬರುವಷ್ಟರಲ್ಲಿ ಇನ್ನೂ ಮೇಲಿನ ಬಂಡೆಗೆ ಹತ್ತಿದೆವು. ಅದಕ್ಕಿಂತ ಮೇಲೆ ಹತ್ತಲು ಜಾಗವಿರಲಿಲ್ಲ. ಮೂವರೂ ಬಂಡೆಗೆ ಬೆನ್ನು ಒತ್ತಿ, ಒಬ್ಬರ ತೋಳು ಒಬ್ಬರು ಹಿಡಿದು ಕೂತೆವು. ನೀರು ಕಾಲುವೆ ತುಂಬಿ, ಅಂಚು ಮೀರಿ, ಕೆಳಗೆ ಧುಮುಕಿತು. ಅಲ್ಲಿಂದ ಮೇಲೆ ಬರಲಿಲ್ಲ.

ಬಿಸಿಲು ಎದುರು ಗೋಡೆಗೆ ಸರಿಯಿತು. ಕೊನೆಗೆ ರೆಕಾರ್ಡಿಸ್ಟ್, "ಡೆಸ್ಕ್‌ಗೆ ಫೋನ್ ಮಾಡುವ ಹೊತ್ತು ಆಗಿರಬಹುದು" ಎಂದ.

ಆಗಿಹೋಗಿತ್ತು. ಹೇಳಿದ ವೇಳೆಗೆ ನಮ್ಮ ಫೋನ್ ಬಾರದಿದ್ದರೆ ಡೆಸ್ಕ್ ಕಾಯುತ್ತದೆ, ಆಮೇಲೆ ನಮ್ಮ ಫೋನುಗಳಿಗೆ ಮಾಡುತ್ತದೆ, ಆಮೇಲೆ ಮನೆಗೆ. ಅಕ್ಸ್‌ಬ್ರಿಡ್ಜ್‌ನ ಫ್ಲಾಟ್‌ನಲ್ಲಿ ಫೋನ್ ಹೊಡೆದುಕೊಳ್ಳುವುದು ಇಬ್ಬರ ಕಿವಿಗೂ ಕೇಳಿಸಿತು. ನಾವು ಬದುಕಿದ್ದೇವೆ ಎಂಬ ಸುದ್ದಿ ನಮ್ಮ ಮೂವರ ಹತ್ತಿರ ಮಾತ್ರ ಇತ್ತು.

ಹಳ್ಳ ಇಳಿದು, ಸಂಜೆ ಬಂಡೆಗಳು ಕೆಂಪಾಗುವ ಹೊತ್ತಿಗೆ ಗುಡ್ಡದ ಅಂಚಿನಲ್ಲಿ ಒಬ್ಬ ಕಾಣಿಸಿದ. ಗೈಡ್‌ನ ದೊಡ್ಡಪ್ಪನ ಮಗ. ಫೋನ್ ಮಾಡಿ ಮಾಡಿ ಸಾಕಾಗಿ, ನಡೆದೇ ಬಂದಿದ್ದ. ಮೇಲಿನಿಂದಲೇ ಬೈಯಲು ಶುರು ಮಾಡಿದ. ಗೈಡ್ ಕೂಡ ಕೆಳಗಿನಿಂದ ಬೈದ. ಬೈಗುಳ ಮುಗಿಯುವಷ್ಟರಲ್ಲಿ ಇಬ್ಬರೂ ಅಳುತ್ತಿದ್ದರು. ಹತ್ತಿರ ಬಂದಾಗ ಗೈಡ್ ಅವನ ತಲೆಯನ್ನು ಹಿಡಿದು ಹಣೆಗೆ ಮುತ್ತು ಕೊಟ್ಟ.

ಆ ದೊಡ್ಡಪ್ಪನ ಮಗನ ಫೋನ್ ಇಸಿದುಕೊಂಡೆ. ನಿಯಮದ ಪ್ರಕಾರ ಮೊದಲ ಕರೆ ಡೆಸ್ಕ್‌ಗೆ. ನನಗೆ ಆ ನಂಬರು ಬಾಯಿಪಾಠ. ಆದರೂ ಫೋನನ್ನು ರೆಕಾರ್ಡಿಸ್ಟ್ ಕೈಗೆ ಕೊಟ್ಟೆ. ಅವನೂ ಹೆಂಡತಿಯೂ ಕೊಂಕಣಿಯಲ್ಲಿ ಮಾತಾಡಿದರು, ನನಗೆ ಅದು ಅಷ್ಟಾಗಿ ಬರುವುದಿಲ್ಲ. ಆಚೆಯಿಂದ ಅವಳ ದನಿ ಬಹಳ ಹೊತ್ತು ಒಂದೇ ಸಮನೆ ಬರುತ್ತಿತ್ತು. ಹೆಡ್‌ಫೋನ್ ಎಂಬ ಒಂದು ಶಬ್ದ ಮಾತ್ರ ಅರ್ಥವಾಯಿತು, ಅದೂ ಎರಡು ಮೂರು ಸಲ. ಇವನು ಹೂಂ ಹೂಂ ಅನ್ನುತ್ತಲೇ ಇದ್ದ. ಆಮೇಲೆ ಫೋನನ್ನು ನನ್ನತ್ತ ಚಾಚಿದ.

"ಅಕ್ಕ" ಎಂದಳು. ಮೂಗು ಎಳೆದುಕೊಂಡಳು. "ಅವ ಊಟ ಮಾಡಿದ್ದಾನಾ ನೋಡಿ. ಹಸಿವಾದ್ರೆ ಅವ ಮನುಷ್ಯನೇ ಅಲ್ಲ."

ಮೈಕ್ ಹೋದವು. ಜೀಪು ಎಲ್ಲೋ ಕೆಳಗೆ ಮಗುಚಿ ಸಿಕ್ಕಿತು. ಬಿಸ್ಕತ್ತಿನ ಡಬ್ಬಿ ಸಿಗಲೇ ಇಲ್ಲ. ರೆಕಾರ್ಡರ್ ಎದೆಯ ಮೇಲಿದ್ದುದರಿಂದ ಉಳಿಯಿತು. ವಯರು ಕಿತ್ತ ಕ್ಷಣದವರೆಗಿನ ಎಲ್ಲವೂ ಅದರಲ್ಲಿತ್ತು.

ಲಂಡನ್ನಿಗೆ ಮರಳಿದ ಮೇಲೆ ಕ್ಯಾನರಿ ವಾರ್ಫ್‌ನ ಎಡಿಟ್ ಕೋಣೆಯಲ್ಲಿ ಕೂತು ಕೇಳಿದೆವು. ರೆಕಾರ್ಡಿಸ್ಟ್, ಡೆಸ್ಕ್‌ನ ಸಂಪಾದಕಿ, ನಾನು. ನಮ್ಮ ಕನ್ನಡವನ್ನು ನಾನೇ ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ನೀರು ಬಾಗಿಲಿಗೆ ಬಂತು ಎಂಬಲ್ಲಿಗೆ ಬಂದಾಗ ಸಂಪಾದಕಿ ಟೇಪ್ ನಿಲ್ಲಿಸಿದಳು.

"ಇಲ್ಲಿ ನೀರಿನ ಸದ್ದಿಲ್ಲವಲ್ಲ."

"ಇಲ್ಲ. ಬಂದಿರಲಿಲ್ಲ."

"ಹಾಗಾದರೆ ನೀನು ಹೇಳಿದ್ದು ನಿಜವಲ್ಲ."

"ಅಲ್ಲ."

ಅವಳು ತನ್ನ ಟಿಪ್ಪಣಿಯಲ್ಲಿ ಆ ಸಾಲಿನ ಮೇಲೆ ಗೆರೆ ಎಳೆದಳು. ಆ ಸಾಲನ್ನು ಪ್ರಸಾರ ಮಾಡುವಂತಿಲ್ಲ ಎಂದಳು. ಸರಿ ಎಂದೆ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಆ ಸಾಲು ಹೋಯಿತು. ಗುಂಯ್ ಎಂಬ ಕೆಳಸ್ವರವನ್ನು ಮಾತ್ರ ಸೋಸಬಾರದು ಎಂದು ರೆಕಾರ್ಡಿಸ್ಟ್ ಹಟ ಹಿಡಿದ. ಅದು ಹಾಗೇ ಉಳಿಯಿತು. ಕಾರ್ಯಕ್ರಮ ಹನಿಯಿಂದ ಶುರುವಾಗಿ ಆ ಗುಂಯ್‌ನಲ್ಲಿ ಮುಗಿಯುತ್ತದೆ.

ಸಂಪಾದಕಿ ಎದ್ದುಹೋದ ಮೇಲೆ ನಾವಿಬ್ಬರೇ ಉಳಿದೆವು. ಅವನು ವಯರು ಸುತ್ತುತ್ತಿದ್ದ, ಅದೇ ಕ್ರಮದಲ್ಲಿ. ಅಷ್ಟರಲ್ಲಿ ನೆಲದಡಿಯಿಂದ ಎಂಬಂತೆ ಒಂದು ಗುಂಯ್ ಎದ್ದಿತು. ಟೇಬಲಿನ ಮೇಲಿದ್ದ ಚಹಾದ ಕಪ್ಪಿನಲ್ಲಿ ಸಣ್ಣ ಉಂಗುರಗಳು ಮೂಡಿದವು. ಅವನ ಕೈ ನಿಂತಿತು. ಅದು ಏರುತ್ತಿತ್ತು. ದಿನವೂ ಆ ಕೋಣೆಯಲ್ಲಿ ಕೇಳುವ ಸದ್ದು. ನಮ್ಮ ಕಟ್ಟ​ಡದ ಪಕ್ಕದಲ್ಲೇ ಚಾಲಕನಿಲ್ಲದ ಲೈಟ್ ರೈಲಿನ ಹಳಿ. ಇಷ್ಟು ವರ್ಷ ಅದನ್ನು ನಾವು ಕೇಳಿಸಿಕೊಂಡೇ ಇರಲಿಲ್ಲ.

"ರೈಲು" ಎಂದೆ.

ಅವನು ತಲೆಯೆತ್ತದೆ ಕೇಳಿದ. "ನೋಡಿ ಹೇಳ್ತಾ ಇದ್ದೀರಾ ಅಕ್ಕ, ಅಲ್ಲ ಹಾಗೇ ಹೇಳ್ತಾ ಇದ್ದೀರಾ?"

ನಾನು ಎದ್ದು ಕಿಟಕಿಗೆ ಹೋದೆ. ಅವನೂ ಬಂದು ಪಕ್ಕದಲ್ಲಿ ನಿಂತ, ವಯರು ಕೈಯಲ್ಲೇ ಇತ್ತು. ಬಾಗಿಲ ಹತ್ತಿರ ನಿಂತ ಜನ, ಕಿಟಕಿಗೆ ಹಣೆ ಒರಗಿಸಿದ ಒಂದು ಮಗು, ಎಲ್ಲರನ್ನೂ ಹೊತ್ತು ಅದು ನಿಧಾನಕ್ಕೆ ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ನೋಡಿದೆವು.

ರೈಲೇ.